ಗರಗಸದ ಮುಂದೆ ಅವ್ವನ ದಾರ

ಹಾನಗಲ್ಲಿನ ನನ್ನ ಬಡಿಗತನದ ಶೆಡ್ಡಿಗೆ ಬಂದವರು ಮೊದಲು ನನ್ನ ಬೆರಳು ನೋಡುತ್ತಾರೆ. ಹತ್ತೂ ಇವೆ. ಇಪ್ಪತ್ತೆರಡು ವರ್ಷ ಕರೆಂಟಿನ ಗರಗಸದ ಮುಂದೆ ನಿಂತವನಿಗೆ ಇದಕ್ಕಿಂತ ದೊಡ್ಡ ಸರ್ಟಿಫಿಕೇಟು ಬೇಡ. ಇದನ್ನು ಯಾರಾದರೂ ಅದೃಷ್ಟ ಅಂದರೆ ನನಗೆ ಮೈಯೆಲ್ಲ ಉರಿಯುತ್ತದೆ. ಸಣ್ಣ ಪಟ್ಟಿಗಳನ್ನು ನಾನು ಕೈಯಿಂದ ತಳ್ಳುವುದಿಲ್ಲ, ಕೋಲಿನಿಂದ ತಳ್ಳುತ್ತೇನೆ. ಬ್ಲೇಡು ಪೂರ್ತಿ ನಿಲ್ಲುವ ತನಕ ತುಂಡು ಎತ್ತುವುದಿಲ್ಲ. ಉಂಗುರ, ಗಡಿಯಾರ, ತುಂಬುತೋಳಿನ ಅಂಗಿ ಎಲ್ಲ ಶೆಡ್ಡಿನ ಹೊರಗೆ. ಮಷೀನು ಓಡುವಾಗ ಮಾತಾಡಿಸುವ ಗಿರಾಕಿ ಎಷ್ಟೇ ದೊಡ್ಡವನಿರಲಿ, ಬೈಸಿಕೊಂಡೇ ಹೋಗುತ್ತಾನೆ.

ಇಷ್ಟೆಲ್ಲ ಜಂಬದ ನಾನು ಹೋದ ವರ್ಷ ನನ್ನ ಕಾಯಿದೆಯನ್ನು ನಾನೇ ಮುರಿದೆ.

ರಟ್ಟೀಹಳ್ಳಿಯ ಗುಡಿಗೆ ಹೋಗಿದ್ದ ಅವ್ವ ಬಸ್ಸಿಳಿದು ನೇರ ಶೆಡ್ಡಿಗೇ ಬಂದಳು. ನನ್ನ ಬಲಗೈ ಹಿಡಿದು ಕೆಂಪು ದಾರ ಕಟ್ಟಿದಳು. ಗಂಟಿನಾಚೆ ಗೇಣುದ್ದ ತುದಿ ಜೋತಾಡುತ್ತಿತ್ತು.

“ಇದನ್ನ ಕತ್ತರಸ್ತೇನಿ ಬೇ, ಮಷೀನಿಗೆ ಸಿಗತೈತಿ,” ಎಂದೆ.

“ದೇವರ ದಾರಕ್ಕ ಕತ್ತರಿ ಹಚ್ಚಬಾರದಪಾ. ನಿನ್ನ ಕೈ ಕಾಯಲಿ ಅಂತನ ಬೇಡಕೊಂಡು ತಂದೇನಿ.”

ಬಿಸಿಲಲ್ಲಿ ಬಾಡಿದ ಆ ಮುಖಕ್ಕೆ ಬೇಡ ಅನ್ನಲು ಬಾಯಿ ಬರಲಿಲ್ಲ. ತುದಿಯನ್ನು ಮಣಿಕಟ್ಟಿಗೆ ಸುತ್ತಿ ಸಿಕ್ಕಿಸಿ, ತಿಳವಳ್ಳಿಯ ಮನೆಯೊಂದರ ಕಿಟಕಿಗೆ ಪಟ್ಟಿ ಸೀಳಲು ನಿಂತೆ. ಅವ್ವ ಸ್ಟೂಲಿನ ಮೇಲೆ ಕುಳಿತು ನೋಡುತ್ತಿದ್ದಳು.

ಮೂರನೆಯ ಪಟ್ಟಿಯ ಹೊತ್ತಿಗೆ ತುದಿ ಬಿಚ್ಚಿಕೊಂಡಿತು. ಕೋಲು ಮುಂದೆ ಹೋದಂತೆ ದಾರ ಬ್ಲೇಡಿನ ಹಲ್ಲಿಗೆ ಸಿಕ್ಕು ಕೈಯನ್ನು ಜಗ್ಗಿತು. ಹತ್ತಿಯ ದಾರ, ಪಟ್ಟನೆ ಹರಿಯಿತು. ನೈಲಾನಿನದಾಗಿದ್ದರೆ ಇದನ್ನು ಎಡಗೈಯಲ್ಲಿ ಬರೆಯಬೇಕಾಗುತ್ತಿತ್ತು. ಹೆಬ್ಬೆರಳಿಗೂ ಬ್ಲೇಡಿಗೂ ನಡುವೆ ಒಂದು ಬೆಂಕಿಕಡ್ಡಿ ಹಿಡಿಸುವಷ್ಟು ಜಾಗ ಉಳಿದಿತ್ತು. ಸ್ವಿಚ್ಚು ಆರಿಸಿ ನೆಲಕ್ಕೆ ಕುಳಿತುಬಿಟ್ಟೆ. ಬಹಳ ಹೆದರಿದ್ದೆ. ಆ ಹೆದರಿಕೆಯೆಲ್ಲ ಸಿಟ್ಟಾಗಿ ಅವ್ವನ ಮೇಲೆ ಹರಿಯಿತು.

“ನೋಡಿದೇನ ಬೇ ನಿನ್ನ ದಾರ! ಕೈನ ಎಳಕೊಂಡು ಹೊಂಟಿತ್ತು!”

“ಎಳದಿದ್ದು ಮಷೀನು. ದಾರ ತಾ ಹರಕೊಂಡು ನಿನ್ನ ಬಿಡಸೈತಿ,” ಎಂದಳು ಅವ್ವ. ಅವಳ ದನಿ ನಡುಗುತ್ತಿತ್ತು, ವಾದ ಮಾತ್ರ ಜಗ್ಗಲಿಲ್ಲ.

ನಾನು ಬೈದದ್ದು ತಪ್ಪು. ಗರಗಸದ ಸ್ವಭಾವ ಗೊತ್ತಿದ್ದವನು ನಾನು, ಅವಳಲ್ಲ. ಹಾಗಂತ ಅಲ್ಲೇ ಒಪ್ಪಿಕೊಂಡೆ. ಅವಳು ಸ್ಟೂಲಿನಿಂದ ಎದ್ದು ಬಂದಳು. ನನ್ನ ಪಕ್ಕ ಮರದ ಹೊಟ್ಟಿನಲ್ಲೇ ಕುಳಿತು, ನನ್ನ ಕೈಯನ್ನು ತೊಡೆಯ ಮೇಲಿಟ್ಟುಕೊಂಡು, ಮಣಿಕಟ್ಟಿನಲ್ಲಿ ಉಳಿದಿದ್ದ ಗಂಟನ್ನು ಉಗುರಿನಿಂದ ಬಿಡಿಸತೊಡಗಿದಳು. ಬಿಗಿಯಾಗಿತ್ತು, ಬಹಳ ಹೊತ್ತು ಹಿಡಿಯಿತು. ಬಿಚ್ಚಿದ ದಾರವನ್ನು ತನ್ನ ಸೆರಗಿಗೆ ಗಂಟು ಹಾಕಿಕೊಂಡಳು.

“ದೇವರಿಗೆ ನಾ ಹೇಳಕೊಂತೇನಿ,” ಎಂದಳು. “ಕೈ ನೀ ಕಾಯ್ಕೊ.”