ಅಕ್ಕನ ಪಾಲಿನ ಮೊದಲ ದ್ರಾಕ್ಷಿ

ಅಕ್ಕನ ಬಲಗೈ ಮೇಲೆದ್ದ ವಾರದಲ್ಲೇ ಅವಳ ರಕ್ತ ಕೆಟ್ಟ ಸುದ್ದಿ ಹೇಳಿತು. ಮನೆಯವರೆಲ್ಲ ಕೈಯನ್ನು ನಂಬಿದರು. ನನಗೂ ಕೈಯನ್ನೇ ನಂಬುವ ಆಸೆ.

ತಮಿಳುನಾಡಿನ ನಮ್ಮ ಹನುಮಂತನಪಟ್ಟಿಯ ತೋಟದಲ್ಲಿ ದ್ರಾಕ್ಷಿ ಚಪ್ಪರದ ಕೆಳಗೆ ನಿಂತಿದ್ದವಳು ನಿಂತಲ್ಲೇ ಕುಸಿದಿದ್ದಳು. ಮೆದುಳಿನ ನಾಳದಲ್ಲಿ ರಕ್ತ ಹೆಪ್ಪುಗಟ್ಟಿ ಬಲಭಾಗ ಬಿದ್ದುಹೋಯಿತು, ಮಾತೂ ಹೋಯಿತು. ನನ್ನನ್ನು ಬೈದು ಬೈದೇ ಬೆಳೆಸಿದ ಬಾಯಿ ಅದು. ಒಂದು ಬದಿಗೆ ಜೋತುಬಿದ್ದ ಆ ಬಾಯಿಯನ್ನು ನೋಡಲಾಗದೆ ಹೊರಗೆ ಬಂದು, ಏನೂ ತಪ್ಪು ಮಾಡದ ಟೀ ಅಂಗಡಿಯವನ ಮೇಲೆ ರೇಗಿದೆ.

ತೇನಿಯಲ್ಲಿ ಅವಳಿಗೆ ಚಿಕಿತ್ಸೆ ಕೊಟ್ಟ ಡಾಕ್ಟರಮ್ಮ ಮನೆಗೆ ಕಳಿಸುವಾಗ ತಮಿಳಿನಲ್ಲಿ ಬಿಡಿಸಿ ಹೇಳಿದ್ದರು. ನುಂಗುವ ಶಕ್ತಿ ಇನ್ನೂ ಬಂದಿಲ್ಲ, ನೀರಿನಂತೆ ತೆಳ್ಳಗಿರುವುದೇನೂ ಬೇಡ, ಚಮಚದಿಂದ ಜಾರದಷ್ಟು ಗಟ್ಟಿ ಗಂಜಿ ಮಾತ್ರ. ಉರಿಯೂತ ಎಷ್ಟಿದೆ ಎಂದು ತೋರಿಸುವ ಸಿಆರ್‌ಪಿ ರಕ್ತಪರೀಕ್ಷೆಯನ್ನೂ ತಪ್ಪಿಸಬೇಡಿ. ಮೆದುಳಿಗೆ ಬಿದ್ದ ಪೆಟ್ಟಿನಿಂದ ಅದು ಏರಿದೆ, ಇಳಿಯುತ್ತಾ ಬಂದರೆ ಚೇತರಿಕೆಗೆ ಒಳ್ಳೆಯದು.

ಇಳಿಯಿತು. ಪೆರಿಯಕುಳಂನ ನನ್ನ ಮಾವಿನ ಮಂಡಿಯಲ್ಲಿ ಕೂತು ಫೋನಿಗೆ ಬಂದ ರಿಪೋರ್ಟ್ ನೋಡಿದೆ. ಏನಾದರೂ ಇಳಿದದ್ದಕ್ಕೆ ಮಂಡಿಯಲ್ಲಿ ನಾನು ನಕ್ಕದ್ದು ಅದೇ ಮೊದಲು.

ಅಷ್ಟರಲ್ಲಿ ದ್ರಾಕ್ಷಿ ಹಣ್ಣಾಯಿತು. ಪ್ರತಿ ಕೊಯ್ಲಿನ ಮೊದಲ ಗೊಂಚಲು ನಮ್ಮಲ್ಲಿ ಮನೆಯ ಹಿರಿಯ ಹೆಂಗಸಿನ ಪಾಲು. ಅವಳು ರುಚಿ ನೋಡಿ ತಲೆಯಾಡಿಸದೆ ಕತ್ತರಿ ಇನ್ನೊಂದು ಗೊಂಚಲನ್ನು ಮುಟ್ಟುವಂತಿಲ್ಲ. ಅಮ್ಮ ಹೋದ ಮೇಲೆ ಆ ಹಕ್ಕು ಅಕ್ಕನದು. ವ್ಯಾಪಾರಿಯ ಲಾರಿ ಬಂದು ನಿಂತಿದ್ದರೂ ನಿಧಾನವಾಗಿ ಅಗಿದು, "ಇನ್ನೂ ಪುಳಿ ಐತೆ, ಓಗು" ಎಂದು ವಾಪಸ್ ಅಟ್ಟಿದವಳು ಅವಳು.

ಅಕ್ಕನ ಮಗ, ನನ್ನ ಅಳಿಯ, ಒಳ್ಳೆಯವನು. ಅದೇ ಕಷ್ಟ. ಅಮ್ಮನಿಗೆ ಅಗಿಯಲು ಆಗದೆಂದು ಹಣ್ಣು ಸುಲಿದು, ಹಿಂಡಿ, ಬಟ್ಟೆಯಲ್ಲಿ ಸೋಸಿ ರಸ ಕುಡಿಸಿದ. ಕೂಡಲೇ ನನಗೆ ಫೋನು.

"ಮಾಮಾ, ಅಮ್ಮ ಕುಡುದ್ಲು. ಒಂದ್ ಕೆಮ್ಮೂ ಇಲ್ಲ. ತಲೆನೂ ಆಡ್ಸುದ್ಲು."

"ನೀರ್ ಕೊಡಬ್ಯಾಡ ಅಂದ್ರಲ್ಲೋ?"

"ಇದು ನೀರಾ ಮಾಮಾ? ನಮ್ ತೋಟದ್ ಪಳ ತಾನೆ."

ಕೆಮ್ಮಲಿಲ್ಲವಲ್ಲ ಎಂದು ಮಾರನೆಯ ದಿನವೂ ಕೊಟ್ಟ, ಆಮೇಲೂ ಕೊಟ್ಟ. ಅದೇ ವಾರ ಕೈ ಎದ್ದಿತು. ಎಲ್ಲ ದ್ರಾಕ್ಷಿಯ ಮಹಿಮೆ ಎಂದು ಬೀದಿಯೇ ಹಾಡಿತು. ಆಗ ಬಂದ ರಿಪೋರ್ಟಿನಲ್ಲಿ ಸಿಆರ್‌ಪಿ ಮೊದಲಿಗಿಂತಲೂ ಮೇಲೇರಿತ್ತು. ಜ್ವರವಿಲ್ಲ, ನರಳಾಟವಿಲ್ಲ. "ಲ್ಯಾಬ್‌ನಾಗೆ ಬ್ಯಾರೆ ಯಾರ್ದೋ ರಕ್ತ ನೋಡವ್ರೆ ಮಾಮಾ" ಎಂದ ಅಳಿಯ. ನಾನು ಕಾರು ಮಾಡಿಸಿ ಆಸ್ಪತ್ರೆಗೆ ಹೊರಡಿಸಿದೆ.

ಡಾಕ್ಟರಮ್ಮ ಆ ಕೈಯನ್ನು ನೋಡಲೇ ಇಲ್ಲ. ಬೆನ್ನಿಗೆ ಸ್ಟೆತಾಸ್ಕೋಪ್ ಇಟ್ಟು ಬಹಳ ಹೊತ್ತು ಕೇಳಿದರು. ಏನು ಕುಡಿಸಿದಿರಿ ಎಂದರು. ಹೇಳಿದೆವು. ಕೆಮ್ಮಲಿಲ್ಲವೇ ಎಂದರು. "ಇಲ್ಲ" ಎಂದ ಅಳಿಯ, ಹೆಮ್ಮೆಯಿಂದ. ಅವರ ಮುಖ ಇಳಿದುಹೋಯಿತು. ಕೆಮ್ಮಿದ್ದರೆ ಗಂಟಲು ಕಾವಲಿದೆ ಎಂದಾದರೂ ತಿಳಿಯುತ್ತಿತ್ತು, ರಸ ಸದ್ದಿಲ್ಲದೆ ಶ್ವಾಸಕೋಶಕ್ಕೆ ಇಳಿದಿದೆ ಎಂದರು. ಬೂದಿ ಮುಚ್ಚಿದ ಕೆಂಡ ಎಂಬ ಮಾತನ್ನು ಮಂಡಿಯಲ್ಲಿ ಕಂಡಕಂಡವರ ಮೇಲೆಲ್ಲ ಆಡುತ್ತಿದ್ದೆ. ಈಗ ಆ ಕೆಂಡ ಅಕ್ಕನ ಎದೆಯೊಳಗಿತ್ತು.

ಜೀವ ಉಳಿಯಿತು, ಕೈ ಮಾತ್ರ ಮತ್ತೆ ಹಾಸಿಗೆಗೆ ಬಿತ್ತು. ಇಂಥ ಉರಿಯೂತ ಮೆದುಳಿನ ಚೇತರಿಕೆಯನ್ನೂ ಹಿಂದಕ್ಕೆಳೆಯುತ್ತದಂತೆ. ಇನ್ನೊಂದು ಸಲ ಹೀಗಾದರೆ ತಡೆದುಕೊಳ್ಳಲಾರಳು ಎಂದು ಡಾಕ್ಟರಮ್ಮ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು.

ನಮ್ಮ ಕಣಿವೆಯ ದ್ರಾಕ್ಷಿ ವರ್ಷಕ್ಕೊಂದೇ ಸಲ ಹಣ್ಣಾಗಿ ಸುಮ್ಮನಿರುವ ಜಾತಿಯಲ್ಲ. ಚಪ್ಪರ ಮತ್ತೆ ಕಪ್ಪಾಯಿತು. ಈ ಸಲ ಅಕ್ಕನ ಬದಲು ನಾನು ರುಚಿ ನೋಡುವುದೆಂದು ಮಾತಾಗಿತ್ತು. ನಿನ್ನೆ ಅಳಿಯ ಮೊದಲ ಗೊಂಚಲನ್ನು ಟವೆಲಿನಲ್ಲಿ ಮುಚ್ಚಿ, ಹಿತ್ತಲ ಬಾಗಿಲಿಂದ ತಂದ. ಪರಿಮಳವನ್ನು ಟವೆಲು ಮುಚ್ಚುತ್ತದೆಯೇ? ಅಕ್ಕ ತಲೆ ತಿರುಗಿಸಿ, ನನ್ನನ್ನೇ ನೋಡುತ್ತಾ ಬಾಯಿ ತೆರೆದಳು.

"ಬ್ಯಾಡ ಅಕ್ಕಾ" ಎಂದೆ. ಬಾಯಿ ತೆರೆದೇ ಇತ್ತು. ಒಂದು ಹಣ್ಣನ್ನು ಅವಳ ತುಟಿಗೆ ಮುಟ್ಟಿಸಿ ನನ್ನ ಬಾಯಿಗೆ ಹಾಕಿಕೊಂಡೆ. "ಚೆಂದಾಗೈತೆ ಅಕ್ಕಾ, ಕುಯ್ರಿ ಅಂತೀನಿ" ಎಂದೆ. ಅವಳು ತಲೆಯಾಡಿಸುವ ಮೊದಲೇ ತೋಟದಲ್ಲಿ ಕತ್ತರಿಗಳ ಸದ್ದು ಶುರುವಾಯಿತು.

ಅಕ್ಕ ಬಾಯಿ ಮುಚ್ಚಿದಳು. ಸಂಜೆ ಗಂಜಿಗೂ ತೆರೆಯಲಿಲ್ಲ. ಇವತ್ತು ಬೆಳಿಗ್ಗೆಯೂ ತೆರೆದಿಲ್ಲ.