ಒಳಸುತ್ತಿನ ಕಲ್ಲು

ನಾನು ಭೂಗೋಳದ ಮೇಷ್ಟ್ರಾಗಿದ್ದವನು. ನಿವೃತ್ತಿಯಾಗಿ ಮನೆಯಲ್ಲಿ ಕೂತ ಮೇಲೆ ಸಾರಿಗೆ ಉಪ್ಪು ಎಷ್ಟು ಹಾಕಬೇಕೆಂದೂ ಪಾಠ ಶುರುಮಾಡಿದಾಗ ಹೆಂಡತಿಯೇ ನನ್ನನ್ನು ಬೆಟ್ಟಗಳ ಕಡೆ ಅಟ್ಟಿದಳು. ಹಳೆಯ ಗಿರಿಕೋಟೆಗಳನ್ನು ಸೀಮೆವಾರು ಪಟ್ಟಿ ಮಾಡಿ ನಕ್ಷೆಗೆ ಏರಿಸುವ ಹವ್ಯಾಸಿಗಳ ಗುಂಪೊಂದು ಆಗ ಫೋನಿನಲ್ಲಿ ಸಿಕ್ಕಿತ್ತು. ಒಬ್ಬೊಬ್ಬರಿಗೆ ಒಂದೊಂದು ಸೀಮೆ. ಬಂಗಾರಪೇಟೆ, ಕೆಜಿಎಫ್ ಸುತ್ತಲಿನದು ನನ್ನ ಪಾಲು. ಬೆಟ್ಟ ಹತ್ತಬೇಕು, ಗೋಡೆಯ ಉದ್ದಕ್ಕೂ ನಡೆಯಬೇಕು, ಕೋಟೆಗೆ ಎಷ್ಟು ಸುತ್ತು, ಬಾಗಿಲು ಯಾವ ದಿಕ್ಕಿಗೆ, ನೀರಿನ ದೊಣೆ ಎಲ್ಲಿ ಎಂದು ಗುರುತು ಹಾಕಬೇಕು. ಸಂಜೆ ಇಳಿದು ಬಂದು, ಧೂಳು ಹಿಡಿದ ಪ್ಯಾಂಟನ್ನು ಹಿತ್ತಲಿನ ಒಗೆಯುವ ಕಲ್ಲಿನ ಮೇಲೆ ಕುಕ್ಕುವಾಗ ನಾನೇ ಪಾಳೇಗಾರನೆಂಬ ಗತ್ತು. ಆ ಕಲ್ಲು ನಾವು ಬಂಗಾರಪೇಟೆಯಲ್ಲಿ ಮನೆ ಕಟ್ಟಿದಾಗ ಅಮ್ಮ ತನ್ನ ತವರಿನಿಂದ ಟ್ರ್ಯಾಕ್ಟರಿನಲ್ಲಿ ಹಾಕಿಸಿಕೊಂಡು ಬಂದದ್ದು.

ಆದರೆ ನನಗೆ ಸಿಕ್ಕಿದ್ದೆಲ್ಲ ಚಿಲ್ಲರೆ ಕೋಟೆಗಳು. ಒಂದು ಸುತ್ತು ಗೋಡೆ, ಅದರಲ್ಲೂ ಅರ್ಧ ಬಿದ್ದದ್ದು. ಬೇರೆ ಸೀಮೆಯವರು ಬುರುಜು, ಆನೆಬಾಗಿಲು ಎಂದು ಫೋಟೊ ಹಾಕಿದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತಿತ್ತು. ಕೊನೆಗೆ ಮೂರು ಸುತ್ತಿನ ಕೋಟೆಯೊಂದು ಸಿಕ್ಕಿತು. ‘ಉಪಗ್ರಹದ ಚಿತ್ರ ಜಾಲಾಡಿ ಪತ್ತೆ ಹಚ್ಚಿದೆ’ ಎಂದು ಗುಂಪಿಗೆ ಬರೆದೆ. ಅದು ಶುದ್ಧ ಸುಳ್ಳು. ಆ ಬೆಟ್ಟದ ಬುಡದ ಹಳ್ಳಿಯೇ ನಮ್ಮಮ್ಮನ ತವರು. ‘ನಮ್ಮೂರ ಕೋಟೆ’ ಎಂದು ಅವಳು ಸಾಯುವವರೆಗೂ ಹೇಳುತ್ತಿದ್ದಳು. ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರಲ್ಲ, ಹಾಗೆ ನಾನು ಒಮ್ಮೆಯೂ ಕಿವಿಗೊಟ್ಟಿರಲಿಲ್ಲ.

ಕಿವಿಗೊಡದಿದ್ದಕ್ಕೆ ಇನ್ನೊಂದು ಕಾರಣವಿತ್ತು, ಅದನ್ನು ಹೇಳಲು ಈಗಲೂ ನಾಲಿಗೆ ಏಳುವುದಿಲ್ಲ. ಅಪ್ಪ ಕೆಜಿಎಫ್‌ನ ಚಾಂಪಿಯನ್ ರೀಫ್ಸಿನಲ್ಲಿ ಚಿನ್ನದ ಗಣಿಗೆ ಇಳಿಯುತ್ತಿದ್ದ. ನಾವು ಬೆಳೆದದ್ದು ಅಲ್ಲೇ ಊರಿಗಾಂನಲ್ಲಿ, ಗಣಿ ಕೆಲಸಗಾರರ ಸಾಲುಸಾಲು ಲೈನುಮನೆಗಳಲ್ಲೊಂದರಲ್ಲಿ. ಅಲ್ಲಿಯ ಹುಡುಗರದು ತಮಿಳು, ಶಾಲೆಯಲ್ಲಿ ಒಂದಿಷ್ಟು ಇಂಗ್ಲಿಷು. ಅಮ್ಮನದು ತೆಲುಗು ಬೆರೆತ ಹಳ್ಳಿ ಕನ್ನಡ, ಗಂಟಲೋ ಇಡೀ ಲೈನಿಗೆ ಕೇಳುವಂಥದ್ದು. ಹೆಸರು ಊರದೇವತೆಯದು. ಅದನ್ನು ಕೇಳಿದರೆ ಹುಡುಗರು ಕಿಸಕ್ಕೆಂದು ನಗುತ್ತಿದ್ದರು. ಶಾಲೆಯಲ್ಲಿ ತಾಯಿಯ ಹೆಸರು ಕೇಳಿದಾಗ ನಾನು ಬಾಯೊಳಗೇ ಗೊಣಗಿ ಕೂತುಬಿಡುತ್ತಿದ್ದೆ. ಮೇಷ್ಟ್ರಾದ ಮೇಲೂ ಆ ಚಾಳಿ ಹೋಗಲಿಲ್ಲ. ಯಾರಾದರೂ ವಿಚಾರಿಸಿದರೆ ‘ನಮ್ಮ ತಾಯಿಯವರು’ ಎಂದು ದಾಟಿಸುತ್ತಿದ್ದೆ.

ಹೀಗಾಗಿ ಆ ಬೆಟ್ಟವನ್ನು ಊರಿನ ಕಡೆಯಿಂದ ಹತ್ತದೆ ಕಳ್ಳನ ಹಾಗೆ ಹಿಂಬದಿಯಿಂದ ಹತ್ತಿದ್ದೆ. ಹೊರಗಿನ ಎರಡು ಸುತ್ತು ದಪ್ಪ ಕಲ್ಲುಗಳದು. ಅಲ್ಲಲ್ಲಿ ಯಾರೋ ಕಲ್ಲು ಕಿತ್ತುಕೊಂಡು ಹೋಗಿ ಗೋಡೆ ಬಾಯಿ ಬಿಟ್ಟಿತ್ತು. ಒಳಗಿನ ಮೂರನೆಯ ಸುತ್ತು ಮಾತ್ರ ಬೇರೆ ಥರ. ಎದೆಯೆತ್ತರ ಬಂದಿದೆ, ಆದರೆ ಒಂದೊಂದು ಕಲ್ಲೂ ತಲೆಯ ಮೇಲೆ ಹೊರಬಹುದಾದಷ್ಟು ಸಣ್ಣದು. ಏಕೆ ಸಣ್ಣದು? ಶತ್ರುಗಳು ಮುತ್ತಿಗೆ ಹಾಕಿದಾಗ ಅವಸರದಲ್ಲಿ ಕಟ್ಟಿದ್ದು ಎಂದು ನಿಂತಲ್ಲೇ ತೀರ್ಮಾನಿಸಿ, ಹಾಗೆಯೇ ಬರೆದು ಕಳಿಸಿದೆ. ಗುಂಪಿನವರು ಭೇಷ್ ಎಂದರು. ಗುಂಪನ್ನು ನಡೆಸುತ್ತಿದ್ದ ಮೇಡಂ, ನಕ್ಷೆಗೆ ಸೇರಿಸುವ ಮುಂಚೆ ತಾವೇ ಬಂದು ನೋಡುವುದಾಗಿ ಹೇಳಿದರು. ಮೂರು ಸುತ್ತೆಂದು ಅವರು ಒಪ್ಪಿಕೊಂಡರೆ ನನ್ನ ಸೀಮೆಗೂ ಒಂದು ಕೋಟೆ ಅಂತ ಆಗುತ್ತಿತ್ತು. ನನಗೆ ಬೇಕಾಗಿದ್ದದ್ದು ಅಷ್ಟೇ.

ಅವರು ಬಂದದ್ದು ಯುಗಾದಿ ಕಳೆದ ಮಂಗಳವಾರ. ಹಿಂಬದಿಯ ದಾರಿ ಚೆನ್ನಾಗಿದೆ ಎಂದು ಎಷ್ಟು ಹೇಳಿದರೂ ಕೇಳದೆ ಊರಿನ ಕಡೆಯ ಹಳೇ ದಾರಿಯಲ್ಲೇ ಹೊರಟರು. ನಾನು ಟೋಪಿಯನ್ನು ಹಣೆಯವರೆಗೆ ಎಳೆದುಕೊಂಡು ಹಿಂದೆ ನಡೆದೆ. ಅರ್ಧ ಬೆಟ್ಟದಲ್ಲಿ ದೊಡ್ಡ ಬಂಡೆಯೊಂದನ್ನು ಬಳಸಿ ತಿರುಗಿದಾಗ ಎದುರಿಗೆ ಹೆಂಗಸರ ಸಾಲು. ಎಲ್ಲರ ತಲೆಯ ಮೇಲೂ ಸಿಂಬೆ, ಸಿಂಬೆಯ ಮೇಲೆ ಕಲ್ಲು.

ಕೆಜಿಎಫ್‌ನಲ್ಲಿ ಬೆಳೆದವರಿಗೆ ಒಂದು ರೋಗವಿದೆ. ಯಾರಾದರೂ ಏನನ್ನಾದರೂ ಹೊತ್ತುಕೊಂಡು ಹೋಗುತ್ತಿದ್ದರೆ ಕಳ್ಳತನವೇ ಮೊದಲು ನೆನಪಾಗುವುದು. ಅಪ್ಪ ದಿನಾ ಪಾಳಿ ಮುಗಿಸಿ ಮೇಲೆ ಬಂದಾಗ ಗೇಟಿನಲ್ಲಿ ತಡಕಿ ನೋಡಿಯೇ ಬಿಡುತ್ತಿದ್ದರು. ಗಣಿ ಮುಚ್ಚಿದ ಮೇಲೆ ಮೈಸೂರು ಮೈನ್ಸ್ ಕಡೆಯಿಂದ ತಗಡು, ಕಬ್ಬಿಣ ತಲೆಯ ಮೇಲೆ ಹೋದದ್ದನ್ನು ನಾನೇ ಕಂಡಿದ್ದೇನೆ. ಗೋಡೆಯಲ್ಲಿ ಕಲ್ಲು ಕಿತ್ತ ಜಾಗಗಳು ನೆನಪಾದವು. ಜೊತೆಗೆ ಮೇಡಂ ಎದುರು ನಿಂತಿದ್ದಾರೆ. ನನ್ನ ಮೇಷ್ಟ್ರ ಗಂಟಲು ತಾನಾಗಿ ಎದ್ದಿತು.

‘ಕಳ್ಳರಾ! ಇಳಿಸ್ರೀ ಕೆಳಗೆ! ಕೋಟೆ ಕಲ್ಲು ಕದಿಯೋದಕ್ಕೆ ನಾಚಿಕೆ ಆಗಲ್ವಾ? ಪೊಲೀಸರನ್ನ ಕರೀತೀನಿ!’

ನಮಗೆ ಹತ್ತಿರವಿದ್ದ ಮುದುಕಿ ಬೆಚ್ಚಿಬಿದ್ದು ತನ್ನ ಕಲ್ಲನ್ನು ನೆಲಕ್ಕಿಳಿಸಿಬಿಟ್ಟಳು. ಉಳಿದವರೆಲ್ಲ ‘ಅಯ್ಯಯ್ಯೋ’ ಎಂದರು. ಮೇಡಂ ನನ್ನ ತೋಳು ಮುಟ್ಟಿ ಮೆಲ್ಲಗೆ, ‘ಸಾರ್, ಅವರು ಇಳೀತಾ ಇಲ್ಲ. ಹತ್ತುತಾ ಇದಾರೆ’ ಎಂದರು.

ಹೌದು, ಎಲ್ಲರ ಬೆನ್ನೂ ನಮ್ಮ ಕಡೆಗಿತ್ತು. ಕೂಗಿದ ಮೇಲೆ ತಿರುಗಿದವರು. ಭೂಗೋಳದ ಮೇಷ್ಟ್ರಿಗೆ ಮೇಲು ಕೆಳಗು ತಿಳಿಯಲಿಲ್ಲ.

ಸಾಲಿನಲ್ಲಿದ್ದ ಗಟ್ಟಿಗಿತ್ತಿಯೊಬ್ಬಳು ಕಲ್ಲು ಹೊತ್ತುಕೊಂಡೇ ನನ್ನನ್ನು ತರಾಟೆಗೆ ತೆಗೆದುಕೊಂಡಳು. ‘ಯಾವೂರೋನಯ್ಯಾ ನೀನು? ಮನೆ ಕಟ್ಟಾಕೆ ನಮ್ಮೋರು ಕೋಟೆ ಕಲ್ಲು ತಕ್ಕೊಂಡವ್ರೆ, ಇಲ್ಲ ಅನ್ನಾಕಿಲ್ಲ. ಅದುಕ್ಕೇ ವರ್ಸಾ ವರ್ಸಾ ಒಂದೊಂದು ಒಲದ ಕಲ್ಲು ತಂದು ಊರಮ್ಮನ್ಗೆ ಒಪ್ಪಿಸ್ತೀವಿ. ಕೋಟೆ ಕಲ್ಲು ಮನೇಲಿರೋಗಂಟ ಒಪ್ಪಿಸ್ಬೇಕು. ದಾರೀಲಿ ನೆಲಕ್ಕಿಕ್ಕಂಗಿಲ್ಲ. ಇಕ್ಕಿಸ್ದೋರೇ ಒರಬೇಕು. ಒತ್ಕೋ ಈಗ!’

‘ಅಂದರೆ ಮೇಲಿರೋ ಒಳಸುತ್ತಿನ ಗೋಡೆ?’ ಮೇಡಂ ಕೇಳಿದರು.

‘ಎಲ್ಲಾ ನಮ್ಮವೇ ಕಣಮ್ಮ. ನಾವು, ನಮ್ಮತ್ತೇರು, ಅವರತ್ತೇರು ಇಕ್ಕಿದ್ದು.’

ಮೇಡಂ ನನ್ನ ಮುಖ ನೋಡಲಿಲ್ಲ, ಅದು ಅವರ ದೊಡ್ಡತನ. ಮುತ್ತಿಗೆಯೂ ಹೋಯಿತು, ಶತ್ರುವೂ ಹೋದ, ಮೂರನೆಯ ಸುತ್ತೂ ಹೋಯಿತು. ಮಂಡಿನೋವಿನ ನೆಪ ಹೇಳಲು ಬಾಯಿ ತೆರೆದೆ, ಅಷ್ಟು ಜನ ಹೆಂಗಸರ ಎದುರು ಅದು ಹೊರಡಲಿಲ್ಲ. ಮುದುಕಿ ನನ್ನ ಟೋಪಿ ತೆಗೆದು ತನ್ನ ಸಿಂಬೆಯನ್ನು ನನ್ನ ತಲೆಗಿಟ್ಟಳು. ಅವಳೂ ಮೇಡಂ ಅವರೂ ಸೇರಿ ಕಲ್ಲು ಎತ್ತಿ ಕೂರಿಸಿದರು.

ಅದರ ಭಾರಕ್ಕೆ ಕತ್ತು ಹೆಗಲೊಳಗೆ ಇಳಿಯಿತು. ಕಳ್ಳರಾ ಎಂದದ್ದು ಹೆಜ್ಜೆಹೆಜ್ಜೆಗೂ ನೆನಪಾಗುತ್ತಿತ್ತು. ಹೆಂಗಸರು ನನ್ನನ್ನು ಮುಂದೆ ಬಿಟ್ಟುಕೊಂಡು, ನಾನು ನಿಂತಾಗ ನಿಂತು, ನಡೆದಾಗ ನಡೆದರು. ಯಾರೂ ನಗಲಿಲ್ಲ. ನಕ್ಕಿದ್ದರೆ ವಾಸಿಯಿತ್ತು. ಮುದುಕಿ ಮಾತ್ರ ಪಕ್ಕದಲ್ಲೇ ಬರುತ್ತ ನನ್ನ ಮುಖವನ್ನು ಬಗ್ಗಿ ಬಗ್ಗಿ ನೋಡುತ್ತಿದ್ದಳು.

ಮೇಲೆ ಒಬ್ಬೊಬ್ಬರೂ ಗೋಡೆಯ ಮೇಲೆ ಕಲ್ಲಿಟ್ಟು ಒಂದೊಂದು ಹೆಸರು ಕೂಗಿದರು. ಕೋಟೆಯ ಕಲ್ಲು ತೆಗೆದುಕೊಂಡು ಹೋದವರ ಹೆಸರನ್ನು ಹಾಗೆ ಕೂಗಿ ಹೇಳಬೇಕಂತೆ, ಇಲ್ಲದಿದ್ದರೆ ಊರಮ್ಮನಿಗೆ ಲೆಕ್ಕ ಸಿಗುವುದಿಲ್ಲ. ನಾನೂ ನನ್ನ ತಲೆಯ ಕಲ್ಲನ್ನು ಇಳಿಸಿ, ‘ಯಾರ ಹೆಸರು ಹೇಳಲಮ್ಮಾ?’ ಎಂದು ಮುದುಕಿಯನ್ನು ಕೇಳಿದೆ.

ಅವಳು ನಮ್ಮಮ್ಮನ ಹೆಸರು ಹೇಳಿದಳು.

ನಾನು ತಿರುಗಿ ಅವಳ ಮುಖ ನೋಡಿದೆ. ‘ನೀನು ಕೂಗ್ದಾಗ್ಲೇ ಅನ್ಕೊಂಡೆ ಕಣಪ್ಪ’ ಎಂದಳು ಮುದುಕಿ. ‘ಆ ಗಂಟ್ಲು ನಿಮ್ಮವ್ವಂದೇ. ನಾವಿಬ್ರೂ ಒಂದೇ ಬೀದಿಯೋರು. ಬಂಗಾರಪೇಟೆ ಮನೆಗೆ ಬಟ್ಟೆ ಒಗಿಯೋ ಕಲ್ಲು ಎತ್ಕೊಂಡೋದ್ಲಲ್ಲ, ಅದು ಈ ಕೋಟೇದು. ಕಾಲು ನೆಟ್ಟಗಿರೋಗಂಟ ಬಸ್ಸಲ್ಲಿ ಬಂದು ಅವಳೇ ಒಪ್ಪಿಸ್ತಿದ್ಲು. ಆಮ್ಯಾಕೆ ನನ್ಗೆ, ನೀನು ಒಪ್ಸವ್ವಾ ಅಂದ್ಲು.’

‘ನನಗೆ ಹೇಳಲೇ ಇಲ್ಲವಲ್ಲ?’

‘ನಾನೂ ಕೇಳ್ದೆ, ಮಗನ್ಗೆ ಏಳು ಅಂತ. ಅವನು ಮೇಷ್ಟ್ರು ಕಣೇ, ಇಲ್ಲಿ ಬಂದು ನನ್ನೆಸ್ರು ಕೂಗಾಕೆ ಅವನ್ಗೆ ನಾಚ್ಕೆ, ಬ್ಯಾಡ ಬಿಡು ಅಂದ್ಲು.’

ಅವಳಿಗೆ ಗೊತ್ತಿತ್ತು. ಶಾಲೆಯಲ್ಲಿ ನಾನು ಬಾಯೊಳಗೇ ಗೊಣಗಿಕೊಂಡದ್ದು ಅಮ್ಮನಿಗೆ ಅಷ್ಟು ವರ್ಷವೂ ಗೊತ್ತಿತ್ತು. ಗೊತ್ತಿದ್ದೂ ನನ್ನನ್ನು ಒಂದು ಮಾತು ಕೇಳದೆ, ನನ್ನ ಮನೆಯ ಕಲ್ಲನ್ನು ಇನ್ನೊಬ್ಬಳ ತಲೆಗೆ ಒಪ್ಪಿಸಿ ಹೋಗಿದ್ದಳು. ಕಣ್ಣು ತುಂಬಿ ಬಂದದ್ದು ದುಃಖಕ್ಕಲ್ಲ, ನಾಚಿಕೆಗೆ.

ಹೆಸರು ಹೇಳಿದೆ. ಅಭ್ಯಾಸಬಲದಿಂದ ಅದು ಬಾಯೊಳಗೇ ಉಳಿಯಿತು.

‘ಕೇಳಿಸ್ನಿಲ್ಲ’ ಎಂದಳು ಗಟ್ಟಿಗಿತ್ತಿ. ‘ಕೆಳಗೆ ಕೂಗ್ದಂಗೆ ಕೂಗು.’

ಕೂಗಿದೆ. ಗಂಟಲು ಒಡೆದುಹೋಗುವ ಹಾಗೆ ನಮ್ಮಮ್ಮನ ಹೆಸರು ಕೂಗಿದೆ. ಹೆಂಗಸರು ಸರಿಯಾಯಿತೆಂದು ತಲೆಯಾಡಿಸಿ ಸೆರಗಿನಲ್ಲಿ ಬೆವರು ಒರೆಸಿಕೊಂಡರು.

ಮೇಡಂ ಹತ್ತಿರ ಬಂದು, ‘ಅದು ಯಾರ ಹೆಸರು, ಸಾರ್?’ ಎಂದು ಕೇಳಿದರು.

‘ನಮ್ಮಮ್ಮಂದು’ ಅಂದೆ. ‘ಇದೇ ಊರವಳು.’