ಕಿಸೆ ನೋಡುವ ಸೀತಾಬಾಯಿ

ಯಾರೇ ಬರಲಿ, ಸೀತಾಬಾಯಿಯವರ ಕಣ್ಣು ಮೊದಲು ಹೋಗುತ್ತಿದ್ದದ್ದು ಅಂಗಿಯ ಕಿಸೆಗೆ. ಹೊನ್ನಾವರದ ನಮ್ಮ ಹೆರಿಗೆ ಆಸ್ಪತ್ರೆಯಲ್ಲಿ ದಾಖಲೆ ಕೋಣೆ ಅವರದು. ತೊಂಬತ್ತರ ದಶಕದ ಕೊನೆಗೆ ಅಲ್ಲಿಗೆ ಕಂಪ್ಯೂಟರು ಬಂದ ಮೇಲೆ ಬಾಗಿಲಲ್ಲೇ ಕುರ್ಚಿ ಹಾಕಿಕೊಂಡರು. ಕಿಸೆಯಲ್ಲಿ ಫ್ಲಾಪಿಯ ಚೌಕ ಕಂಡಿತೋ, "ಅದನ್ನ ಇಲ್ಲಿ ಮೇಜಿನ ಮೇಲಿಟ್ಟು ಒಳಗೆ ಹೋಗು ತಮ್ಮಾ" ಎನ್ನುವರು. ದೊಡ್ಡ ಡಾಕ್ಟರ ಅಳಿಯನನ್ನೂ ಬಿಟ್ಟವರಲ್ಲ.

ಐವತ್ತು ದಾಟಿದ ಮೇಲೆ ಕುಮಟಾಕ್ಕೆ ಹದಿನೈದು ದಿನ ಬಸ್ಸಿನಲ್ಲಿ ಓಡಾಡಿ ಕಂಪ್ಯೂಟರು ಕಲಿತವರು. ಹೊರಗಿನ ಫ್ಲಾಪಿ ಒಳಗೆ ಬರಬಾರದು, ಒಳಗಿನದರ ಒಂದು ನಕಲು ಹೊರಗಿರಬೇಕು, ಇಷ್ಟನ್ನು ಮಾತ್ರ ಗಟ್ಟಿಯಾಗಿ ಹಿಡಿದುಕೊಂಡಿದ್ದರು. ಶನಿವಾರ ಸಂಜೆ ಜನನದ ದಾಖಲೆಗಳನ್ನು ಫ್ಲಾಪಿಗೆ ಇಳಿಸಿ, ತಗಡಿನ ಡಬ್ಬಿಗೆ ಹಾಕಿ, ಕರ್ಕಿಯ ಮನೆಗೆ ಒಯ್ಯುತ್ತಿದ್ದರು. ಆಸ್ಪತ್ರೆಯ ಪತ್ರಗಳನ್ನೆಲ್ಲ ಯಾಕೆ ನಕಲು ಮಾಡುವುದಿಲ್ಲ ಎಂದು ಕೇಳಿದ್ದೆ.

"ಪತ್ರ ಹೋದ್ರೆ ಮತ್ತೆ ಬರೀಬಹುದು. ಮಗು ಹುಟ್ಟಿದ ಗಳಿಗೆ ಎಲ್ಲಿಂದ ತರೂದು?"

ಡಿಪ್ಲೊಮಾ ಮಾಡಿಕೊಂಡು ಬಂದ ನಾನು ವಯಸ್ಸಿನಲ್ಲಿ ಅವರ ಮಗನಂತಿದ್ದರೂ ಹುದ್ದೆಯಲ್ಲಿ ಮೇಲಿನವನು. ರೋಗಿಗಳ ವಿಷಯ ಮನೆಗೆ ಒಯ್ಯುವುದು ತಪ್ಪು ಎಂದು ತಡೆದೆ. ಮನೆಯಲ್ಲಿದ್ದ ನಕಲುಗಳನ್ನೂ ತರಿಸಿ ಅಳಿಸಿದೆ.

"ಗುಟ್ಟು ಉಳೀಬೇಕು, ಖರೆ. ಹಂಗಾದ್ರೆ ಇಡೂಕೆ ಬೇರೆ ಜಾಗ ನೀನೇ ತೋರ್ಸು" ಎಂದರು. ನೋಡುವಾ ಎಂದೆ. ನೋಡಲಿಲ್ಲ. ನಕಲು ಮಾಡುವುದೇ ನಿಂತುಹೋಯಿತು.

ಅದೇ ವರ್ಷ ನನ್ನ ತಂಗಿಯ ಮದುವೆ. ಭಟ್ಕಳದ ಅಂಗಡಿಯೊಂದರಲ್ಲಿ ಮಾಡಿಸಿದ ಲಗ್ನಪತ್ರಿಕೆಯಲ್ಲಿ ದೊಡ್ಡಪ್ಪನ ಹೆಸರು ಚಿಕ್ಕಪ್ಪನ ಕೆಳಗೆ ಬಿದ್ದು ಮನೆಯಲ್ಲಿ ರಂಪವಾಗಿತ್ತು. ಸಂಜೆಯೊಳಗೆ ತಿದ್ದಿ ಅಚ್ಚಿಗೆ ಕೊಡಬೇಕಿತ್ತು. ನಾವೆಲ್ಲ ಬಾಯಿ ಎನ್ನುತ್ತಿದ್ದ ಸೀತಾಬಾಯಿ ಊಟಕ್ಕೆ ಎದ್ದ ಹೊತ್ತು ನೋಡಿ ಅಂಗಡಿಯ ಫ್ಲಾಪಿಯನ್ನು ಕಂಪ್ಯೂಟರಿಗೆ ಹಾಕಿದೆ. ಹತ್ತು ನಿಮಿಷದಲ್ಲಿ ದೊಡ್ಡಪ್ಪ ಮೇಲೆ ಬಂದರು. ನಾನು ಪ್ರಿಂಟರಿನಲ್ಲಿ ಮರೆತ ಲಗ್ನಪತ್ರಿಕೆಯ ಹಾಳೆಯನ್ನು ಸಂಜೆ ಬಾಯಿಯೇ ತಂದು ನನ್ನ ಕೈಗಿತ್ತರು.

ಮರುದಿನ ಕಂಪ್ಯೂಟರು ಏಳಲಿಲ್ಲ. ಹೊರಗಿನ ಫ್ಲಾಪಿಯಿಂದ ವೈರಸ್ಸು ಬಂದು ಎಲ್ಲವನ್ನೂ ಅಳಿಸಿದೆ ಎಂದು ರಿಪೇರಿಯವನು ಹೇಳಿದ. ಯಾರು ಹಾಕಿದ್ದೆಂದು ದೊಡ್ಡ ಡಾಕ್ಟರು ಕೇಳಿದಾಗ ಎಲ್ಲರೂ ಬಾಯಿಯನ್ನು ನೋಡಿದರು. ಬಾಯಿ ನನ್ನನ್ನು ನೋಡಿದರು. ನಾನು ನೆಲ ನೋಡಿದೆ. ವಯಸ್ಸಾದವರ ಕೈಗೆ ಯಂತ್ರ ಕೊಟ್ಟದ್ದೇ ತಪ್ಪು ಎಂದರು ಡಾಕ್ಟರು. ನಾನೇ ಹೇಳಲಿ ಎಂದು ಬಾಯಿ ಕಾದದ್ದು ನನಗೆ ಗೊತ್ತು. ಕೊನೆಗೆ "ಆತು" ಎಂದು ಕೋಣೆಯ ಬೀಗದ ಕೈ ಮೇಜಿನ ಮೇಲಿಟ್ಟರು.

ಅವರನ್ನು ಚೀಟಿ ಕೊಡುವ ಕಿಟಕಿಗೆ ಹಾಕಿದರು. ಅಲ್ಲಿಯ ಕೆಲಸ ಮುಗಿಸಿ, ಹೆರಿಗೆ ಕೋಣೆಯ ಹಳೆಯ ಕಾಗದಗಳನ್ನು ಹುಡುಕಿ, ತಿಂಗಳುಗಟ್ಟಲೆ ಕೂತು ಒಂದೊಂದೇ ಮಗುವಿನ ಹೆಸರು, ಗಳಿಗೆ ಬರೆದರು. ಗೆದ್ದಲು ತಿಂದ ಕಾಗದದ ಮಕ್ಕಳು ಮಾತ್ರ ಸಿಗಲಿಲ್ಲ. ಮಗನ ಪಾಸ್‌ಪೋರ್ಟಿಗೆಂದು ಜನನದ ದಾಖಲೆ ಕೇಳಿ ಹೆಬಳೆಯಿಂದ ಬಂದ ತಾಯಿಯೊಬ್ಬಳಿಗೆ "ತಪ್ಪು ನಮ್ದು ತಂಗಿ" ಎಂದು ಕೈಮುಗಿದದ್ದೂ ಅವರೇ. ನಾನು ಹಿಂದೆಯೇ ನಿಂತಿದ್ದೆ. ಈಗಲೂ ನೆನೆದರೆ ನಾಚಿಕೆಯಾಗುತ್ತದೆ.

ಎಷ್ಟೋ ವರ್ಷದ ಮೇಲೆ ಬಾಯಿ ತೀರಿಕೊಂಡ ಸುದ್ದಿ ಕೇಳಿ ಕರ್ಕಿಗೆ ಹೋದೆ. ಈ ಸಲವಾದರೂ ನಿಜ ಹೇಳಿಬಿಡುತ್ತೇನೆ ಎಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ಬಾಯಿಯ ಮಗಳು ನೀರು ತಂದಿಟ್ಟು ಎದುರು ಕೂತಳು.

"ಮನೆಗೆ ಕಂಪ್ಯೂಟರ್ ತಂದ್ರೂ ಆಯಿಗೆ ಮುಟ್ಟೂಕೆ ಬಿಡ್ಲಿಲ್ಲ ನಾವು. ಆಸ್ಪತ್ರೇದು ಹಾಳು ಮಾಡಿದೋಳು ಅಂತ ಮೊಮ್ಮಕ್ಕಳು ನಗಾಡ್ತಿದ್ರು. ಅವಳೂ ನಗ್ತಿದ್ಲು. ನೀವು ಅಲ್ಲೇ ಇದ್ರಿ ಅಲ್ದಾ, ಆಯಿನೇ ಹಾಳು ಮಾಡಿದ್ದು ಹೌದನಾ?"

"ಹಳೇ ಮಾತು, ಈಗೆಂತಕ್ಕೆ" ಎಂದು ಎದ್ದು ಚಪ್ಪಲಿ ಮೆಟ್ಟಿಕೊಂಡೆ.